ಬರುವುದು, ತಿರುಗುವುದು, ಹೋಗುವುದು

ಹೋದ ತಿಂಗಳು ಭವ್ಯ ಫೋನ್ ಮಾಡಿದ್ದಳು. ನಾನು ಏಳು ವರ್ಷ ಪಾಠ ಮಾಡಿದ ಹಳ್ಳಿಯ ಹುಡುಗಿ ಅವಳು. ಈಗ ಮಧುಗಿರಿಯಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ.

"ಮಿಸ್, ಪೋಸ್ಟ್ ಮೇಷ್ಟ್ರು ರಿಟೈರ್ ಆಗ್ತಾವ್ರೆ. ಭಾನುವಾರ ಸನ್ಮಾನ ಇಟ್ಕೊಂಡವ್ರೆ. ನೀವು ಸಿರಾದಿಂದ ಬರ್ಲೇಬೇಕು, ಐದು ನಿಮಿಷ ಮಾತಾಡ್ಬೇಕು."

"ಭಾನುವಾರ ಮೇಷ್ಟ್ರು ಊರಲ್ಲಿ ಇರ್ತಾರೇನೇ?"

"ಅದೊಂದು ಭಾನುವಾರ ಇರ್ತೀನಿ ಅಂತ ಒಪ್ಕೊಂಡವ್ರೆ ಮಿಸ್. ಅದಕ್ಕೇ ಒಂದು ವಾರ ಹಿಡೀತು."

ಹೋದೆ, ಮಾತಾಡಿದೆ. ಆದರೆ ಐದು ನಿಮಿಷದಲ್ಲಿ ಮುಗಿಯುವ ಮನುಷ್ಯರಲ್ಲ ಅವರು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹಾಕುವುದಿಲ್ಲ. ಹಾಕಿದರೆ ಮೇಷ್ಟ್ರು ಬೈಯುತ್ತಾರೆ, ಅವರು ಬೈಯುವುದನ್ನು ನಾನು ಮೊದಲ ದಿನವೇ ಕೇಳಿದ್ದೇನೆ.

ಮಧುಗಿರಿಯಿಂದ ಮಿಡಿಗೇಶಿ ಕಡೆಗೆ ಹೋಗುವ ರಸ್ತೆಯಲ್ಲಿ ಆ ಊರಿನ ಗೇಟ್ ಇದೆ. ನಮ್ಮ ಕಡೆ ದೊಡ್ಡ ರಸ್ತೆಯಿಂದ ಊರಿಗೆ ದಾರಿ ಒಡೆಯುವ ಜಾಗಕ್ಕೆ ಗೇಟ್ ಎನ್ನುತ್ತಾರೆ. ಅಲ್ಲಿ ಗೇಟೂ ಇರುವುದಿಲ್ಲ, ಕಾಯುವವರೂ ಇರುವುದಿಲ್ಲ, ಒಂದು ಟೀ ಅಂಗಡಿ ಇದ್ದರೆ ನಮ್ಮ ಪುಣ್ಯ. ಗೇಟಿನಿಂದ ಊರಿಗೆ ಮೂರು ಕಿಲೋಮೀಟರ್. ಮಧ್ಯೆ ಒಣಗಿದ ಕೆರೆಯಂಗಳ, ಅದರ ತುಂಬ ಜಾಲಿ. ಬೇರೆ ಬಸ್ಸುಗಳೆಲ್ಲ ಗೇಟಿನಲ್ಲಿ ಇಳಿಸಿ ಹೋಗುತ್ತಿದ್ದವು. ಬೆಳಗ್ಗೆ ಎಂಟೂಕಾಲಿನ ಬಸ್ಸು ಮತ್ತು ಸಂಜೆ ಐದೂವರೆಯ ಬಸ್ಸು ಮಾತ್ರ ಊರ ಒಳಗೆ ಬಂದು, ಅರಳಿಕಟ್ಟೆಯ ಮುಂದೆ ತಿರುಗಿ, ಮಧುಗಿರಿಗೆ ವಾಪಸ್ ಹೋಗುತ್ತಿದ್ದವು.

ನಾನು ಮೊದಲ ದಿನ ಆ ಎಂಟೂಕಾಲಿನ ಬಸ್ಸಿನಿಂದ ಇಳಿದಾಗ, ಅರಳಿಕಟ್ಟೆಯ ಪಕ್ಕದಲ್ಲಿ ಬಡಕಲು ದೇಹದ ಒಬ್ಬ ಮನುಷ್ಯ ನಿಂತಿದ್ದರು. ಬೆನ್ನ ಹಿಂದೆ ಅಂಗಿಯ ಕಾಲರಿಗೆ ಛತ್ರಿ ಸಿಕ್ಕಿಸಿಕೊಂಡಿದ್ದರು, ಕಂಕುಳಲ್ಲಿ ಟಪಾಲು ಚೀಲ, ಕೈಯಲ್ಲಿ ಕ್ಯಾಮೆರಾ. ಕ್ಯಾಮೆರಾ ನೇರವಾಗಿ ನನ್ನ ಕಡೆಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಯಾರ್ರೀ ನೀವು? ಹೆಂಗಸರ ಫೋಟೋ ತೆಗೆಯೋಕೆ ನಾಚಿಕೆ ಆಗಲ್ವಾ?"

ಅವರು ಕ್ಯಾಮೆರಾ ಕೆಳಗಿಳಿಸಲೂ ಇಲ್ಲ. "ನಿಮ್ ಫೋಟೋ ಯಾರಿಗ್ ಬೇಕು ಕಣಮ್ಮ? ಅಡ್ಡ ನಿಂತಿರೋರು ನೀವು. ಜರುಗಿ ಅತ್ಲಾಗೆ, ಗಾಡಿ ತಿರುಗ್ತಾ ಐತೆ!"

ಜರುಗಿದೆ. ಇನ್ನೇನು ಮಾಡಲಿ? ಮಧ್ಯಾಹ್ನ ಶಾಲೆಗೆ ಬಂದ ಪತ್ರಗಳನ್ನು ತಂದುಕೊಟ್ಟಾಗ ಅವರು ಊರಿನ ಅಂಚೆ ಕಚೇರಿಯ ಪೋಸ್ಟ್ ಮೇಷ್ಟ್ರು ಎಂದು ಗೊತ್ತಾಯಿತು. ಏಳು ವರ್ಷ ಆ ಊರಿನಲ್ಲಿ ಪಾಠ ಮಾಡಿದವಳು ನಾನು, ಮೇಷ್ಟ್ರು ಅನ್ನಿಸಿಕೊಂಡವರು ಅವರು. ನಾನು ಬರೀ ಟೀಚರಮ್ಮ.

ಟಪಾಲು ಚೀಲ ಬಸ್ಸಿನಲ್ಲಿ ಬರುತ್ತಿತ್ತು, ಅದಕ್ಕಾಗಿ ಮೇಷ್ಟ್ರು ದಿನವೂ ಬಸ್ಸಿಗೆ ಕಾಯಬೇಕಿತ್ತು. ಕಾಯುತ್ತ ಕಾಯುತ್ತ ಫೋಟೋ ತೆಗೆಯುವುದು ಅಂಟಿಕೊಂಡಿತಂತೆ. ಮೊದಲ ಕ್ಯಾಮೆರಾವನ್ನು ಸಿರಾದಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬ ಸಾಬರು ಕೊಟ್ಟಿದ್ದರು. "ರೋಲು ದಂಡ ಮಾಡಬೇಡಿ ಮೇಷ್ಟ್ರೇ. ಮದುವೆ ಮನೆ ಹಿಡೀರಿ, ನಾಲ್ಕು ಕಾಸು ಸಿಗ್ತದೆ," ಎಂದು ಸಾಬರು ಬುದ್ಧಿ ಹೇಳಿದ್ದರಂತೆ. ಮೇಷ್ಟ್ರು ಮದುವೆಗೆ ಹೋಗಿದ್ದೂ ಹೌದು. ಮದುವೆಗೆ ಬಂದ ಬಸ್ಸಿನ ಫೋಟೋ ತೆಗೆದುಕೊಂಡು ಬಂದರು. ಅವರ ಹೆಂಡತಿ ನನ್ನ ಮುಂದೆ ಒಮ್ಮೆ ಹೇಳಿಕೊಂಡರು: "ನನ್ ಫೋಟೋನೂ ಒಂದೈತೆ ಟೀಚರಮ್ಮ. ನನ್ ತಂಗಿ ಮದುವೆ ದಿನ ತೆಗ್ದಿದ್ದು. ಬಸ್ಸಿನ್ ಕಿಟಕೀಲಿ ಮೂಗು ಕಾಣ್ತದೆ ನೋಡಿ, ಅದು ನಂದೇಯ."

ಒಂದು ಬಸ್ಸಿಗೆ ಮೂರು ಫೋಟೋ. ಬರುವುದು, ತಿರುಗುವುದು, ಹೋಗುವುದು. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಬರುವ ಬಸ್ಸು ಚೆಂದ, ಮುಂದೆ ಬೋರ್ಡು ಇರುತ್ತದೆ, ಹೂವಿನ ಹಾರ ಇರುತ್ತದೆ. ಹೋಗುವ ಬಸ್ಸೂ ಒಂದು ರೀತಿ ಚೆಂದವೇ. ತಿರುಗುವ ಬಸ್ಸಿನಲ್ಲಿ ಏನಿದೆ? ರಸ್ತೆಗೆ ಅಡ್ಡ ನಿಂತ ಒಂದು ಉದ್ದನೆಯ ತಗಡು, ಸುತ್ತ ಧೂಳು. ಊರಿನವರು ಆ ಫೋಟೋ ನೋಡಿ ನಗುತ್ತಿದ್ದರು. ಮೇಷ್ಟ್ರಿಗೆ ಅದರ ಮೇಲೇ ಪ್ರಾಣ.

"ಬರೋದು ಹೋಗೋದು ಎಲ್ಲಾ ಊರಲ್ಲೂ ಐತೆ ಟೀಚರಮ್ಮ. ತಿರುಗ್ತದೆ ಅಂದ್ರೆ ನಮ್ಮೂರಿಗೇ ಅಂತ ಬಂದೈತೆ ಅಂತ ಅರ್ಥ. ದಾರಿ ಮೇಲೆ ಹೋಗೋ ಗಾಡಿ ತಿರುಗ್ತದಾ?"

ಪ್ರತಿ ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಸಮಯ, ಎಷ್ಟು ತಡ, ತಡಕ್ಕೆ ಕಾರಣ ಬರೆಯುತ್ತಿದ್ದರು. 'ತಡ: ಹತ್ತು ನಿಮಿಷ. ಕಾರಣ: ಕುರಿ.' 'ತಡ: ಇಪ್ಪತ್ತು ನಿಮಿಷ. ಕಾರಣ: ಕಂಡಕ್ಟರ್ ಇಡ್ಲಿ.' ಒಂದು ಫೋಟೋದ ಹಿಂದೆ 'ಕಾರಣ: ಕೇಳಲಿಲ್ಲ, ಡ್ರೈವರ್ ಸಿಟ್ಟಲ್ಲಿದ್ದ' ಎಂದಿತ್ತು. ಮೊಬೈಲ್ ಬಂದ ಮೇಲೂ ತಿಂಗಳಿಗೊಮ್ಮೆ ಮಧುಗಿರಿಗೆ ಹೋಗಿ ಎಲ್ಲವನ್ನೂ ಪ್ರಿಂಟ್ ಹಾಕಿಸುತ್ತಿದ್ದರು. ಫೋನಿನಲ್ಲೇ ಇಟ್ಟುಕೊಳ್ಳಬಾರದೇ ಎಂದು ಕೇಳಿದರೆ, "ಫೋನಿನ್ ಫೋಟೋಗೆ ಹಿಂದುಗಡೆ ಎಲ್ಲೈತೆ ಟೀಚರಮ್ಮ? ಎಲ್ಲಿ ಬರೀಲಿ?" ಎಂದರು.

ಭಾನುವಾರ ಬಂತೆಂದರೆ ಬೆಳಗಿನ ಬಸ್ಸು ಹತ್ತಿ ಹೊರಟುಬಿಡುತ್ತಿದ್ದರು. ಒಂದು ವಾರ ಕೊರಟಗೆರೆಗೆ ಹೋಗಿ ಅಲ್ಲಿಂದ ಚನ್ನರಾಯನದುರ್ಗದ ಬಸ್ಸು, ಇನ್ನೊಂದು ವಾರ ಸಿರಾ, ಮತ್ತೊಂದು ವಾರ ಪಾವಗಡ. ಸೋಮವಾರ ನಾನು ಕೇಳುವುದು, ಅವರು ಹೇಳುವುದು ಒಂದು ಆಟವಾಗಿತ್ತು.

"ನಿನ್ನೆ ಎಲ್ಲಿಗೆ ಮೇಷ್ಟ್ರೇ?"

"ಸಿರಾಕ್ಕೆ."

"ಏನು ಕೆಲಸ ಇತ್ತು?"

"ವಾಪಸ್ ಬರೋದು."

ಒಮ್ಮೆ ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದರು. ಆಂಧ್ರದ ಕಡೆಗೆ ಹೊರಟ ಒಂದು ಖಾಸಗಿ ಬಸ್ಸಿನ ಫೋಟೋ ತೆಗೆಯುತ್ತಿದ್ದಾಗ ಕಂಡಕ್ಟರ್ ಬಂದು ಕೈ ಹಿಡಿದುಕೊಂಡನಂತೆ. "ಫೋಟೋ ಎಂದುಕು ಸಾರೂ? ಚೆಕಿಂಗಾ?" ಫೋಟೋ ಯಾಕೆ ಎಂದು ತೆಲುಗಿನಲ್ಲಿ ಅವನ ಪ್ರಶ್ನೆ, ಇವರು ತಪಾಸಣೆಗೆ ಬಂದ ಅಧಿಕಾರಿ ಎಂದು ಅವನಿಗೆ ಗುಮಾನಿ. ಸುತ್ತ ನಾಲ್ಕು ಜನ ಸೇರಿದರು. ಮೇಷ್ಟ್ರು ಕೈಚೀಲದಿಂದ ಒಂದು ಕಟ್ಟು ಫೋಟೋ ತೆಗೆದು ಒಂದೊಂದೇ ತೋರಿಸಿದರು. ನಾಲ್ಕನೆಯದು ಅದೇ ಬಸ್ಸಿನದು, ಬಹಳ ಹಿಂದಿನದು, ಇನ್ನೂ ಹಸಿರು ಬಣ್ಣ ಇದ್ದಾಗಿನದು. ಕಂಡಕ್ಟರ್ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇದಿ ಮಾ ನಾಯ್ನ!" ಎಂದು ಕೂಗಿದನಂತೆ. ಫೋಟೋದಲ್ಲಿ ಬಾಗಿಲ ಬಳಿ ನೇತಾಡುತ್ತಿದ್ದ ಕಂಡಕ್ಟರ್ ಅವನ ತಂದೆ, ಅದೇ ಬಸ್ಸಿನಲ್ಲಿ ಕೆಲಸ ಮಾಡಿದವರು. ಆಮೇಲೆ ಟೀ ಬಂತು, ಬನ್ ಬಂತು, ಬಸ್ಸು ಹದಿನೈದು ನಿಮಿಷ ತಡವಾಗಿ ಹೊರಟಿತು. ಫೋಟೋವನ್ನು ಅವನಿಗೇ ಕೊಟ್ಟು ಬಂದರು. ಆ ದಿನದ ಫೋಟೋದ ಹಿಂದೆ ಏನು ಬರೆದರು ಎಂದು ನೋಡಿದೆ. 'ಕಾರಣ: ನಾನು.'

ಇಷ್ಟೇ ಆಗಿದ್ದರೆ ಮೇಷ್ಟ್ರು ಒಬ್ಬ ಮೋಜಿನ ಮನುಷ್ಯರಾಗಿ ನನ್ನ ನೆನಪಿನಲ್ಲಿ ಉಳಿಯುತ್ತಿದ್ದರು. ಹಾಗಾಗಲಿಲ್ಲ.

ನಾನು ಅಲ್ಲಿದ್ದ ಆರನೇ ವರ್ಷ ಊರಿನೊಳಗೆ ಕಾಂಕ್ರೀಟ್ ರಸ್ತೆಯೂ ಮೋರಿಯೂ ಆದವು. ಅದಾದ ಸ್ವಲ್ಪ ದಿನಕ್ಕೆ ಬಸ್ಸಿಗೆ ಹೊಸ ಡ್ರೈವರ್ ಬಂದರು. ಬಂದವರು ಅರಳಿಕಟ್ಟೆಯ ಮುಂದೆ ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಆಡಿಸಿ, ಬೆವರು ಒರೆಸಿಕೊಂಡು, "ಇಲ್ಲಿ ಗಾಡಿ ತಿರುಗಲ್ಲ" ಎಂದರು. ಆವತ್ತು ಬಸ್ಸು ಗೇಟಿನವರೆಗೂ ಹಿಮ್ಮುಖವಾಗಿಯೇ ಹೋಯಿತು. ಮಾರನೆಯ ದಿನದಿಂದ ಊರೊಳಗೆ ಬರಲಿಲ್ಲ.

ಮೋರಿ ಮಾಡಿ ಜಾಗ ಹೋಯಿತು ಎಂದು ಊರವರೆಲ್ಲ ಬೈದುಕೊಂಡರು. ಅರ್ಜಿ ಕೊಟ್ಟರು. ತಿರುಗಲು ಜಾಗ ತೋರಿಸಿದರೆ ಬಸ್ಸು ಕಳಿಸುತ್ತೇವೆ ಎಂದು ಉತ್ತರ ಬಂತು. ನಾನು ಗೇಟಿನಿಂದ ಮೂರು ಕಿಲೋಮೀಟರ್ ನಡೆದು ಶಾಲೆಗೆ ಹೋಗತೊಡಗಿದೆ, ಮೇಷ್ಟ್ರು ಟಪಾಲು ಚೀಲಕ್ಕಾಗಿ ಎದುರು ದಿಕ್ಕಿನಿಂದ ನಡೆದು ಬರುತ್ತಿದ್ದರು. ನಮ್ಮ ಕಷ್ಟ ಬಿಡಿ. ಮಧುಗಿರಿಗೆ ಕಾಲೇಜಿಗೆ ಹೋಗುತ್ತಿದ್ದ ಮೂವರು ಹುಡುಗಿಯರನ್ನು ಮನೆಯಲ್ಲಿ ಬಿಡಿಸಿಬಿಟ್ಟರು. ಆ ಜಾಲಿಯ ಮಧ್ಯೆ ಸಂಜೆ ಹೊತ್ತು ಹೆಣ್ಣುಮಕ್ಕಳು ನಡೆದು ಬರುವುದು ಬೇಡ ಎಂದರು. ಮುಂದಿನ ಮೇ ತಿಂಗಳಿಗೆ ಭವ್ಯ ಹತ್ತನೇ ತರಗತಿ ಪಾಸಾದಳು, ನಮ್ಮ ಶಾಲೆಗೇ ಮೊದಲು. ಅವಳ ಅಪ್ಪ ನನ್ನ ಹತ್ತಿರ ಬಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

"ಬಸ್ಸು ಒಳಗೆ ಬಂದ್ರೆ ಕಾಲೇಜಿಗೆ ಸೇರಿಸ್ತೀನಿ ಮಿಸ್. ಇಲ್ದಿದ್ರೆ ಇಲ್ಲ. ನೀವು ಇನ್ನೇನೂ ಹೇಳ್ಬ್ಯಾಡಿ."

ಸೇರಲು ಹದಿನೈದು ದಿನ ಉಳಿದಿತ್ತು.

ಈ ಹನ್ನೊಂದು ತಿಂಗಳೂ ಮೇಷ್ಟ್ರು ಒಂದು ಕೆಲಸ ಬಿಟ್ಟಿರಲಿಲ್ಲ. ಬೆಳಗ್ಗೆ ಎಂಟೂಕಾಲಿಗೆ ಅರಳಿಕಟ್ಟೆಯ ಪಕ್ಕದಲ್ಲಿ ನಿಂತು ಖಾಲಿ ಜಾಗದ ಫೋಟೋ ತೆಗೆಯುತ್ತಿದ್ದರು, ಆಮೇಲೆ ಗೇಟಿನ ಕಡೆ ಹೊರಡುತ್ತಿದ್ದರು. ಹಿಂದೆ, 'ಬರಲಿಲ್ಲ. ಕಾರಣ: ಮೋರಿ.' ಊರಲ್ಲಿ ಇದೊಂದು ದೊಡ್ಡ ತಮಾಷೆಯಾಗಿತ್ತು. "ಮೇಷ್ಟ್ರೇ, ಇವತ್ತಿನ ಬಸ್ಸು ಚೆಂದಾಗಿ ಬಿತ್ತಾ?" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದರು. ನನಗೂ ಒಳಗೊಳಗೇ ಅನುಮಾನ ಬಂದಿತ್ತು, ಇವರಿಗೆ ತಲೆ ಕೆಟ್ಟಿತೇ ಎಂದು.

ಭವ್ಯಳ ಅಪ್ಪ ಹೇಳಿದ ಮಾತನ್ನು ಹೇಳಲು ಅಂಚೆ ಕಚೇರಿಗೆ ಹೋದೆ. ಮೇಷ್ಟ್ರು ಕೇಳಿದವರೇ ಬಿಸ್ಕತ್ತಿನ ಡಬ್ಬಗಳಿಂದ ತಿರುಗುವ ಬಸ್ಸಿನ ಫೋಟೋಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದರು. ಮೊದಲೆಲ್ಲ ತಿರುಗುತ್ತಿತ್ತು ಎಂದು ತೋರಿಸಿ ಇನ್ನೊಂದು ಅರ್ಜಿ ಕೊಡೋಣ ಎಂಬುದು ಲೆಕ್ಕಾಚಾರ. ಮೋರಿಯಾದ ಮೇಲೆ ಹಳೇ ಡ್ರೈವರ್ ಇನ್ನೂ ಇದ್ದಾಗಿನ ಹತ್ತು ದಿನದ ಫೋಟೋಗಳೂ ಇದ್ದವು. ಅವುಗಳಲ್ಲೂ ಬಸ್ಸು ತಿರುಗುತ್ತಿತ್ತು. ಮೇಷ್ಟ್ರು ಅವನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ ಖಾಲಿ ಜಾಗದ ಒಂದು ಫೋಟೋ ತೆಗೆದು ಪಕ್ಕದಲ್ಲಿ ಇಟ್ಟರು.

"ಟೀಚರಮ್ಮ, ರೋಣುಗಲ್ಲು ನೋಡಿ."

ರೋಣುಗಲ್ಲು ಎಂದರೆ ಹಿಂದೆ ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುತ್ತಿದ್ದ ದಪ್ಪ ಕಲ್ಲು. ಯಂತ್ರ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಎಷ್ಟೋ ವರ್ಷದಿಂದ ಅರಳಿಕಟ್ಟೆಗೆ ಒರಗಿಕೊಂಡು ಬಿದ್ದಿತ್ತು. ಬಸ್ಸು ತಿರುಗುವ ಫೋಟೋಗಳಲ್ಲೆಲ್ಲ ಅದು ಎಡಗಡೆ, ಕಟ್ಟೆಯ ಬುಡದಲ್ಲೇ ಇತ್ತು. ಖಾಲಿ ಜಾಗದ ಫೋಟೋಗಳಲ್ಲಿ ಬಲಗಡೆ, ಮೋರಿಯ ಮೂಲೆಯಲ್ಲಿತ್ತು. ಹಳೆಯ ಫೋಟೋಗಳಲ್ಲಿ ಬಸ್ಸಿನ ಹಿಂದಿನ ಗಾಲಿ ಸರಿಯಾಗಿ ಆ ಮೂಲೆಗೇ ಬಂದು ನಿಲ್ಲುತ್ತಿತ್ತು.

"ಯಾರು ಉರುಳಿಸಿದ್ದು ಮೇಷ್ಟ್ರೇ ಇದನ್ನ?"

"ನಾವೇ ಕಣಮ್ಮ." ಅವರು ತಲೆ ಎತ್ತಲಿಲ್ಲ. "ಹೊಸ ರಸ್ತೆ ಆದ್ಮೇಲೆ, ಹಳೇ ಡ್ರೈವರ್ ಹೋದ ದಿನ ಸಂಜೆ, ಬಸ್ಸಿಗೆ ಕಾಯೋ ಜನಕ್ಕೆ ಕೂರೋಕೆ ನೆರಳಲ್ಲಿ ಜಾಗ ಇರ್ಲಿ ಅಂತ ಎಂಟು ಜನ ಸೇರಿ ಉರುಳ್ಸಿದ್ವಿ. ನಾನೂ ಭುಜ ಕೊಟ್ಟಿದ್ದೆ."

ಬಸ್ಸಿಗೆ ಕಾಯಲು ಹಾಕಿದ ಕಲ್ಲು ಬಸ್ಸನ್ನೇ ನಿಲ್ಲಿಸಿತ್ತು. ನನಗೆ ಮೊದಲು ನಗು ಬಂತು, ಆಮೇಲೆ ಮನೆಯಲ್ಲಿ ಕೂತ ಆ ಮೂವರು ಹುಡುಗಿಯರು ನೆನಪಾಗಿ ಅಳು ಬಂತು. ಎಲ್ಲರೂ ಬೈದದ್ದು ಮೋರಿಯನ್ನು. ದಿನವೂ ಆ ಕಲ್ಲಿನ ಮೇಲೇ ಕೂತು ಬೈದಿದ್ದರು.

ಮಾರನೆಯ ದಿನ ಮೇಷ್ಟ್ರು ರಜೆ ಹಾಕಿ, ಡಬ್ಬ ಕಂಕುಳಲ್ಲಿಟ್ಟುಕೊಂಡು ಮಧುಗಿರಿಗೆ ಹೋದರು. ಬಸ್ ಡಿಪೋದ ಸಾಹೇಬರ ಮೇಜಿನ ಮೇಲೆ ಫೋಟೋಗಳನ್ನು ಸಾಲಾಗಿ ಜೋಡಿಸಿದರು. ಸಾಹೇಬರು ಒಳ್ಳೆಯವರು, ಕನ್ನಡಕ ಹಾಕಿಕೊಂಡು ಮುಂದೆ ಹಿಂದೆ ಎರಡೂ ಓದಿದರಂತೆ. 'ಕಂಡಕ್ಟರ್ ಇಡ್ಲಿ' ಓದಿ ಜೋರಾಗಿ ನಕ್ಕರಂತೆ. "ಗುರುವಾರ ಬೆಳಗ್ಗೆ ಗಾಡಿ ಕಳಿಸ್ತೀನಿ, ನಾನೂ ಬರ್ತೀನಿ. ತಿರುಗಿದ್ರೆ ಆವತ್ತಿಂದಲೇ ಬಸ್ಸು. ತಿರುಗದಿದ್ರೆ ಇನ್ನು ನನ್ನ ಕೇಳಬೇಡಿ," ಎಂದರು.

ಗುರುವಾರ ಬೆಳಗ್ಗೆ ಊರಿಗೆ ಊರೇ ಅರಳಿಕಟ್ಟೆಯ ಸುತ್ತ ನೆರೆದಿತ್ತು. ಕಲ್ಲು ಮಾತ್ರ ಮೂಲೆಯಲ್ಲೇ ಇತ್ತು. ಏಕೆಂದರೆ ಈ ಹನ್ನೊಂದು ತಿಂಗಳಲ್ಲಿ ಯಾರೋ ಒಬ್ಬರು ಹಬ್ಬದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದರು, ಇನ್ಯಾರೋ ಹೂವು ಇಟ್ಟಿದ್ದರು. ದಿನವೂ ಅದರ ಮೇಲೇ ಕೂರುತ್ತಿದ್ದ ಗಂಡಸರೆಲ್ಲ ಈಗ ಪೂಜೆಯಾದ ಕಲ್ಲನ್ನು ಕದಲಿಸಲು ಹಿಂದೆಮುಂದೆ ನೋಡುತ್ತಿದ್ದರು. ಶಾಸ್ತ್ರ ಕೇಳಬೇಕು ಎಂದರು ಒಬ್ಬರು. ಒಳ್ಳೆ ದಿನ ನೋಡಬೇಕು ಎಂದರು ಇನ್ನೊಬ್ಬರು. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನನ್ನ ಪಕ್ಕದಲ್ಲಿ ನಿಂತಿದ್ದ ಭವ್ಯ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು.

ಗುಂಪನ್ನು ಸೀಳಿಕೊಂಡು ಭವ್ಯಳ ಅಜ್ಜಿ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಮೇಲೆ ಎರಡೂ ಕೈ ಇಟ್ಟರು.

"ಇದ್ಯಾವ ದ್ಯಾವ್ರಲಾ? ನಮ್ಮಪ್ಪನ ಕಾಲದಲ್ಲಿ ಇದನ್ನ ಕಣದಲ್ಲಿ ಉಳ್ಳಿಸ್ತಿದ್ದೋಳು ನಾನು. ಉಳ್ಳಾಕೇ ಅಂತ ಕಡ್ದಿರೋ ಕಲ್ಲು ಕಣ್ರಲಾ ಇದು! ಕೂತ್ಕಂಡ್ರೆ ಅದಕ್ಕೇ ಬೇಜಾರು. ಕೈ ಆಕ್ರಿ! ಪಾಪ ಬಂದ್ರೆ ನಂಗೇ ಬರ್ಲಿ, ಬುಡಿ!"

ಮೊದಲು ಭುಜ ಕೊಟ್ಟವರು ಮೇಷ್ಟ್ರು. ಎರಡನೆಯವರು ಭವ್ಯಳ ಅಪ್ಪ. ಆಮೇಲೆ ಎಷ್ಟು ಜನ ಕೈ ಹಾಕಿದರೋ ಗೊತ್ತಿಲ್ಲ, ಕಲ್ಲು ಗಡಗಡನೆ ಉರುಳಿ ಹೋಗಿ ಕಟ್ಟೆಯ ಬುಡದಲ್ಲಿ ತನ್ನ ಹಳೆಯ ಜಾಗಕ್ಕೆ ಬಿತ್ತು. ಅಜ್ಜಿ ಅದರ ಮೇಲೆ ಬಿದ್ದಿದ್ದ ಹೂವನ್ನು ಸರಿಮಾಡಿ ಕೈ ಮುಗಿದರು.

ಬಸ್ಸು ಬಂತು. ಹೊಸ ಗಾಡಿ, ಮೊದಲಿನದಕ್ಕಿಂತ ಉದ್ದ. ಡ್ರೈವರ್ ತಲೆ ಹೊರಗೆ ಹಾಕಿ ಅನುಮಾನದಿಂದ ನೋಡಿದರು. ಮೇಷ್ಟ್ರು ಎಡಗೈಯಲ್ಲಿ ಹಳೆಯ ಫೋಟೋ ಹಿಡಿದು, ಬಲಗೈ ಎತ್ತಿ, ಬಸ್ಸಿನ ಹಿಂದೆ ಹೋಗಿ ನಿಂತರು. ಮೋರಿಯ ಮೂಲೆಯಲ್ಲಿ ಕಾಲಿಂದ ಒಂದು ಗೀಟು ಎಳೆದರು.

"ಬರ್ಲಿ, ಬರ್ಲಿ! ಹಿಂದಿನ್ ಗಾಲಿ ಈ ಗೀಟಿಗೆ ಬರ್ಬೇಕು. ಇನ್ನೂ ಬರ್ಲಿ! ಹೆದರ್ಕೋಬ್ಯಾಡಪ್ಪ, ಮೂವತ್ತು ವರ್ಷ ತಿರುಗಿರೋ ಜಾಗ ಇದು. ಬರ್ಲಿ! ಸ್ಟಾಪ್! ಈಗ ಪೂರ್ತಿ ಹೊಡೀರಿ ಸ್ಟೇರಿಂಗ್!"

ಬಸ್ಸಿನ ಮೂತಿ ನಿಧಾನವಾಗಿ ಹೊರಳಿತು. ಕಟ್ಟೆಗೆ ಒಂದು ಗೇಣು ಬಿಟ್ಟು, ಮೋರಿಗೆ ಎರಡು ಗೇಣು ಬಿಟ್ಟು, ರಸ್ತೆಗೆ ಅಡ್ಡಲಾಗಿ ನಿಂತು, ಒಮ್ಮೆ ಉಸಿರೆಳೆದು, ಮಧುಗಿರಿಯ ಕಡೆಗೆ ತಿರುಗಿಬಿಟ್ಟಿತು. ಜನ ಹಾಕಿದ ಕೇಕೆಗೆ ಅರಳಿಮರದ ಕಾಗೆಗಳೆಲ್ಲ ಎದ್ದುಹೋದವು. ಸಾಹೇಬರೂ ಚಪ್ಪಾಳೆ ತಟ್ಟಿದರು. ನಾನು ಶಾಲೆಯ ಮಕ್ಕಳ ಮುಂದೆ ಯಾವತ್ತೂ ಕುಣಿದವಳಲ್ಲ, ಆವತ್ತು ಕುಣಿದೆ. ಭವ್ಯಳ ಅಪ್ಪ ಮಗಳ ಕಡೆ ನೋಡಿ, "ಓಗು, ಬ್ಯಾಗ್ ತಗಂಬಾ. ಸೇರಿಸಿ ಬರ್ತೀನಿ," ಎಂದರು. ಅವಳು ಓಡಿದ ಓಟವನ್ನು ನಾನು ಮರೆಯುವುದಿಲ್ಲ.

ಇವೆಲ್ಲ ಮೊನ್ನೆಯ ಸನ್ಮಾನದಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆಯೇ. ಗೊತ್ತಿಲ್ಲದ್ದು ಒಂದಿತ್ತು. ಸಭೆಗೆ ಮುಂಚೆ ಮೇಷ್ಟ್ರ ಹೆಂಡತಿ, ಡಬ್ಬದ ಫೋಟೋಗಳನ್ನು ಮೇಷ್ಟ್ರು ಆಮೇಲೆ ಜೋಡಿಸಿದ್ದ ಆ ವರ್ಷದ ಆಲ್ಬಮ್ಮನ್ನು ನನ್ನ ಕೈಗೆ ಕೊಟ್ಟಿದ್ದರು. ನನ್ನ ಸರದಿ ಬಂದಾಗ ಅದನ್ನು ತೆರೆದು ಓದಿದೆ. ಆ ಗುರುವಾರದ ಪುಟದಲ್ಲಿ ಮೂರು ಜಾಗ. ಮೊದಲನೆಯದರಲ್ಲಿ ಬಸ್ಸು ಬರುವ ಫೋಟೋ, ಮೂರನೆಯದರಲ್ಲಿ ಹೋಗುವ ಫೋಟೋ, ಕಿಟಕಿಯಲ್ಲಿ ಭವ್ಯ ಮತ್ತು ಅವಳ ಅಪ್ಪ. ನಡುವಿನ ಜಾಗದಲ್ಲಿ ಫೋಟೋ ಇಲ್ಲ. ಅಷ್ಟು ವರ್ಷ ಒಂದು ದಿನವೂ ತಪ್ಪಿಸದ ಮನುಷ್ಯ, ತೆಗೆಯಲೇಬೇಕಾಗಿದ್ದ ಫೋಟೋವನ್ನು ತೆಗೆಯುವುದನ್ನೇ ಮರೆತಿದ್ದರು. ಕೈ ಬಸ್ಸನ್ನು ತಿರುಗಿಸುತ್ತಿತ್ತಲ್ಲ. ಫೋಟೋದ ಬದಲು ಅಲ್ಲಿ ಒಂದು ಚೀಟಿ ಸಿಕ್ಕಿಸಿದ್ದರು, ಪೆನ್ಸಿಲ್ ಅಕ್ಷರ.

'ತಿರುಗಿತು. ತಡ: ಹನ್ನೊಂದು ತಿಂಗಳು. ಕಾರಣ: ನಾವೇ.'

ಮುಂದಿನ ಸಾಲಿನಲ್ಲಿದ್ದ ಭವ್ಯಳ ಅಜ್ಜಿ ಕಿಸಕ್ಕನೆ ನಕ್ಕರು, ಅವರ ಹಿಂದೆ ಇಡೀ ಊರು ನಕ್ಕಿತು. ಮೇಷ್ಟ್ರು ಶಾಲು ಹೊದ್ದು, ಹಾರ ಹಾಕಿಕೊಂಡು, ವೇದಿಕೆಯ ಕುರ್ಚಿಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು. ನಾನು ಇನ್ನೂ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕೆರೆಯಂಗಳದ ಕಡೆಯಿಂದ ಹಾರನ್ ಕೇಳಿಸಿತು.

ಮೇಷ್ಟ್ರು ಎದ್ದೇಬಿಟ್ಟರು. ಅಧ್ಯಕ್ಷರು, "ಸಾರ್, ಇನ್ನೂ ಫಲ ತಾಂಬೂಲ..." ಎನ್ನುತ್ತಿದ್ದಂತೆಯೇ ಮೆಟ್ಟಿಲಿಳಿದು, ಹಾರ ಜೋಲಾಡಿಸಿಕೊಂಡು, ಜೇಬಿನಿಂದ ಫೋನ್ ತೆಗೆಯುತ್ತ ಅರಳಿಕಟ್ಟೆಗೆ ಓಡಿದರು. ನಾವೆಲ್ಲ ಕುರ್ಚಿ ತಿರುಗಿಸಿಕೊಂಡು ನೋಡುತ್ತ ಕೂತೆವು. ಬಸ್ಸು ಬಂತು, ತಿರುಗಿತು, ಹೋಯಿತು. ಮೂರು ಫೋಟೋ. ಮೇಷ್ಟ್ರು ಏದುಸಿರು ಬಿಡುತ್ತ ವಾಪಸ್ ಬಂದು ಕುರ್ಚಿಯಲ್ಲಿ ಕೂತರು.

"ಎಷ್ಟು ತಡ ಮೇಷ್ಟ್ರೇ?" ಎಂದು ಮೈಕಿನಲ್ಲೇ ಕೇಳಿದೆ.

ಅವರು ಗಡಿಯಾರ ನೋಡಿಕೊಂಡು, ಇಡೀ ಊರಿಗೆ ಕೇಳುವ ಹಾಗೆ ಹೇಳಿದರು.

"ತಡ ಇಲ್ಲ ಕಣಮ್ಮ. ಸರಿಯಾದ್ ಟೈಮಿಗೆ ಬಂತು."